ಶುಕ್ರವಾರದ ಸಿನಿಮಾಕ್ಕೆ ಬುಧವಾರದ ಪಾಡ್‌ಕಾಸ್ಟ್

ಹೊಸ ಸಿನಿಮಾ ಶುಕ್ರವಾರ ಬೆಳಿಗ್ಗೆ ತೆರೆಗೆ ಬಂದರೆ ಮಧ್ಯಾಹ್ನದೊಳಗೆ ಹತ್ತಾರು ಚಾನೆಲ್‌ಗಳು ಥಿಯೇಟರ್ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟು ಮುಗಿಸಿರುತ್ತವೆ. ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಕುಳಿತು ಆ ಓಟಕ್ಕೆ ಇಳಿಯುವುದು ದಂಡ. ಕೊಡಗಿನಲ್ಲಿ ಥಿಯೇಟರ್‌ಗಳು ಕಡಿಮೆ. ಎಲ್ಲ ಚಿತ್ರಗಳೂ ಮೊದಲ ವಾರವೇ ಬೆಟ್ಟ ಹತ್ತುವುದಿಲ್ಲ. ಬೇಕಾದ ಚಿತ್ರಕ್ಕೆ ಮಡಿಕೇರಿಯವರು ಸುಮಾರು 120 ಕಿ.ಮೀ. ದೂರದ ಮೈಸೂರಿಗೆ ಹೋಗಿಬರಬೇಕಾಗುತ್ತದೆ. ಹಾಗಾಗಿ ಶನಿವಾರ ಇಲ್ಲವೇ ಭಾನುವಾರ ನೋಡಿ, ಸೋಮವಾರ ರೆಕಾರ್ಡ್ ಮಾಡಿ, ಬುಧವಾರ ಕೇಳುಗರಿಗೆ ಬಿಡುವ ಲೆಕ್ಕವೇ ಸರಿ. ಅಷ್ಟರಲ್ಲಿ ಕೇಳುಗರಲ್ಲಿ ಹಲವರು ಚಿತ್ರ ನೋಡಿರುತ್ತಾರೆ. ಅವರಿಗೆ ಬೇಕಾದ್ದು ‘ಹೋಗಬಹುದಾ’ ಎಂಬ ಸಲಹೆಯಲ್ಲ, ತಾವು ನೋಡಿದ್ದರ ಬಗ್ಗೆ ಜಗಳವಾಡಲು ಒಬ್ಬ ಜೊತೆಗಾರ. ಇಬ್ಬರೋ ಮೂವರೋ ಸೇರಿ ಇಂಥ ಪಾಡ್‌ಕಾಸ್ಟ್ ನಡೆಸುವ ಬಗೆ ಇಲ್ಲಿದೆ.

ಕತ್ತಲಲ್ಲಿ ಟಿಪ್ಪಣಿ

ಮೊಬೈಲ್ ಜೇಬಿನಲ್ಲಿರಲಿ. ಅದರ ಬೆಳಕು ಹಿಂದಿನ ಸಾಲಿನವರಿಗೆ ಕಿರಿಕಿರಿ ಅನ್ನುವುದು ಒಂದಾದರೆ, ಕಾನೂನಿನದು ಇನ್ನೊಂದು. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ, ನಕಲು ಮಾಡುವ ಉದ್ದೇಶದಿಂದ ಥಿಯೇಟರಿನಲ್ಲಿ ಚಿತ್ರವನ್ನು ರೆಕಾರ್ಡ್ ಮಾಡಿದರೆ ಕನಿಷ್ಠ 3 ತಿಂಗಳಿಂದ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ. ‘ಒಂದೇ ಒಂದು ಡೈಲಾಗ್, ಪಾಡ್‌ಕಾಸ್ಟಿಗೆ’ ಎಂಬ ಆಸೆ ಬೇಡವೇ ಬೇಡ.

ಅಂಗೈಯಗಲದ ಪುಸ್ತಕ, ದಪ್ಪ ಮೊನೆಯ ಪೆನ್ನು ಸಾಕು. ಒಂದು ಪುಟಕ್ಕೆ ಒಂದೇ ಮಾತು, ದೊಡ್ಡ ಅಕ್ಷರದಲ್ಲಿ. ಕತ್ತಲಲ್ಲಿ ಸಾಲಿನ ಮೇಲೆ ಸಾಲು ಬಿದ್ದರೆ ಆಮೇಲೆ ಓದಲಾಗದು. ಬರೆಯಬೇಕಾದ್ದು ಅಭಿಪ್ರಾಯವಲ್ಲ, ಕಂಡದ್ದು: ‘ಮಳೆ ದೃಶ್ಯ, ಸಂಗೀತ ಇಲ್ಲ’, ‘ಅಪ್ಪ ಬಾಗಿಲಲ್ಲೇ ನಿಂತ’. ಇಂಟರ್ವಲ್‌ನಲ್ಲಿ ಗಡಿಯಾರ ನೋಡಿ ಸಮಯ ಬರೆದು, ಕೆಳಗೆ ಒಂದು ವಾಕ್ಯ ಸೇರಿಸಿ: ಈ ಕಥೆ ಈಗ ನನ್ನನ್ನು ಯಾವ ಪ್ರಶ್ನೆಯ ಮೇಲೆ ಕೂರಿಸಿದೆ? ನಮ್ಮ ಚಿತ್ರಗಳು ಇಂಟರ್ವಲ್ ಲೆಕ್ಕ ಹಾಕಿಯೇ ಹೆಣೆದಂಥವು. ಮೊದಲರ್ಧ ಕೇಳಿದ ಪ್ರಶ್ನೆಗೆ ಎರಡನೆಯ ಅರ್ಧ ಉತ್ತರಿಸಿತೇ ಎಂದು ನೋಡಲು ಆ ಒಂದು ವಾಕ್ಯಕ್ಕಿಂತ ಒಳ್ಳೆಯ ಆಧಾರವಿಲ್ಲ.

ಮೈಸೂರಿಂದ ಒಂದೇ ಕಾರಿನಲ್ಲಿ ವಾಪಸಾಗುವವರಿಗೆ ಒಂದು ಕಟ್ಟುನಿಟ್ಟು: ದಾರಿಯಲ್ಲಿ ಆ ಸಿನಿಮಾದ ಮಾತೆತ್ತಬೇಡಿ. ಹುಣಸೂರಿನಲ್ಲಿ ಶುರುವಾದ ವಾದ ಪಿರಿಯಾಪಟ್ಟಣ ದಾಟುವಷ್ಟರಲ್ಲಿ ರಾಜಿಯಾಗಿರುತ್ತದೆ. ಸೋಮವಾರ ಮೈಕ್ ಮುಂದೆ ಕೂತಾಗ ಒಬ್ಬರು ಹೇಳುವುದು, ಇನ್ನೊಬ್ಬರು ‘ಹೌದು ಹೌದು’ ಅನ್ನುವುದು, ಅಷ್ಟೇ ಉಳಿಯುತ್ತದೆ. ತಡೆಯಲಾಗದಿದ್ದರೆ ಪ್ರತಿಯೊಬ್ಬರೂ ಬೇರೆಬೇರೆಯಾಗಿ ತಮ್ಮ ಫೋನಿನಲ್ಲಿ ಎರಡು ನಿಮಿಷದ ಧ್ವನಿ ಟಿಪ್ಪಣಿ ಮಾಡಿಟ್ಟುಕೊಳ್ಳಿ.

ಕೋಣೆ, ಮೈಕ್, ಮಳೆ

ಕೊಡಗಿನಲ್ಲಿ ರೆಕಾರ್ಡಿಂಗಿನ ಮೊದಲ ಶತ್ರು ಸೂರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಕೆಳಗೆ, ಹೆಂಚಿನ ಕೆಳಗೆ ರೆಕಾರ್ಡ್ ಮಾಡುವುದೆಂದರೆ ಜಲಪಾತದ ಬುಡದಲ್ಲಿ ಗುಟ್ಟು ಹೇಳಿದಂತೆ. ಸಾಫ್ಟ್‌ವೇರಿನಲ್ಲಿ ತೆಗೆಯೋಣ ಅನ್ನುವವರು ನೆನಪಿಡಿ: ಫ್ಯಾನಿನ ಗುಂಯ್ ಸದ್ದು ಒಂದೇ ಸಮನಾಗಿರುವುದರಿಂದ ನಾಯ್ಸ್ ರಿಡಕ್ಷನ್‌ಗೆ ಸಿಗುತ್ತದೆ. ಮಳೆ ಹಾಗಲ್ಲ. ತಗ್ಗಿನಿಂದ ಎತ್ತರದವರೆಗೆ ಎಲ್ಲ ಕಂಪನಾಂಕಗಳಲ್ಲೂ ಹರಡಿಕೊಂಡು, ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಅದನ್ನು ತೆಗೆಯಹೋದರೆ ಮಾತು ನೀರೊಳಗಿಂದ ಬಂದಂತೆ ಕೇಳಿಸುತ್ತದೆ. ತಾರಸಿ ಇರುವ ಮನೆಯ ಕೆಳಗಿನ ಮಹಡಿ, ಕಿಟಕಿ ಕಡಿಮೆಯಿರುವ ಕೋಣೆ, ಗೋಡೆಗೆ ಬಟ್ಟೆ ತುಂಬಿದ ಬೀರು, ಎದುರಿಗೆ ಹಗ್ಗಕ್ಕೆ ತೂಗಿಬಿಟ್ಟ ಎರಡು ದಪ್ಪ ಕಂಬಳಿ. ಇಷ್ಟಾದರೆ ಪ್ರತಿಧ್ವನಿಯೂ ಅಡಗುತ್ತದೆ. ಕಾಫಿ ಚೀಲ ಪೇರಿಸಿದ ಉಗ್ರಾಣಕ್ಕಿಂತ ಒಳ್ಳೆಯ ಸ್ಟುಡಿಯೊ ಇಲ್ಲ. ಆದರೆ ಚೀಲಗಳು ಇರುವುದು ಕುಯ್ಲು ಮುಗಿದು ಮಾರಾಟವಾಗುವವರೆಗೆ, ಮಳೆ ಬರುವಷ್ಟರಲ್ಲಿ ಉಗ್ರಾಣ ಖಾಲಿ.

ಎರಡನೆಯ ಶತ್ರು ಜೀರುಂಡೆ. ಮುಸ್ಸಂಜೆಗೆ ಶುರುವಾಗುವ ಆ ಸದ್ದು ನಮ್ಮ ‘ಸ’, ‘ಶ’ ಅಕ್ಷರಗಳಿರುವ ಎತ್ತರದಲ್ಲೇ ಕೂರುತ್ತದೆ. ಅದನ್ನು ಕತ್ತರಿಸಿದರೆ ‘ಸಂಕಲನ’ದ ‘ಸ’ವೂ ಜೊತೆಗೇ ಹೋಗುತ್ತದೆ. ಮಧ್ಯಾಹ್ನ ರೆಕಾರ್ಡ್ ಮಾಡಿ, ಇಲ್ಲವೇ ಕಿಟಕಿ ಮುಚ್ಚಿ ಸಂದಿಗೆ ಬಟ್ಟೆ ತುರುಕಿ.

ಮೈಕ್ ಕೊಳ್ಳುವಾಗ ಕಂಡೆನ್ಸರ್ ಬಗೆಯದರ ಬದಲು ಡೈನಾಮಿಕ್ ಬಗೆಯದನ್ನು ಆರಿಸಿ. ಕಂಡೆನ್ಸರ್ ಮೈಕ್ ದೂರದ ಸದ್ದನ್ನೂ ಚೆನ್ನಾಗಿ ಹಿಡಿಯುತ್ತದೆ, ಅಂದರೆ ಪಕ್ಕದ ತೋಟದ ನಾಯಿಯನ್ನೂ. ಜೊತೆಗೆ ಸದ್ದು ಹಿಡಿಯುವ ಅದರ ಕ್ಯಾಪ್ಸೂಲಿಗೆ ತೇವ ಹಿಡಿದರೆ ಚಟಪಟ ಸದ್ದು ಶುರು. ಆಷಾಢದಲ್ಲಿ ಪುಸ್ತಕ, ಬೆಲ್ಟು, ಚಪ್ಪಲಿಗೆ ಬೂಸ್ಟು ಹಿಡಿಯುವ ಊರಿದು. ಯಾವ ಮೈಕೇ ಆಗಲಿ, ಕೆಲಸವಾದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕಿತ್ತಳೆ ಬಣ್ಣದ ಹರಳು ಹಸಿರಾದರೆ, ನೀಲಿಯದು ಗುಲಾಬಿಯಾದರೆ ನೀರು ಕುಡಿದು ತುಂಬಿದೆ ಎಂದರ್ಥ. ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಮೈಕಿನ ಸ್ಪಂಜಿನ ಟೋಪಿಗೆ ಮೊದಲು ಬೂಸ್ಟು ಬರುತ್ತದೆ, ಅದನ್ನು ಬಿಚ್ಚಿ ಬೇರೆ ಇಡಿ.

ಬಾಯಿಗೂ ಮೈಕಿಗೂ 10ರಿಂದ 15 ಸೆಂ.ಮೀ. ಅಂತರವಿರಲಿ. ಮೈಕನ್ನು ನೇರ ಎದುರಿಗೆ ಇಡದೆ ಬಾಯಿಯ ಮೂಲೆಗೆ ಓರೆಯಾಗಿ ಇಡಿ. ಕನ್ನಡದ ಮಹಾಪ್ರಾಣಗಳಿಗೆ ಇದು ಬೇಕೇ ಬೇಕು. ‘ಭಾವ’, ‘ಛಾಯಾಗ್ರಹಣ’, ‘ಧ್ವನಿ’ ಎಂದು ಒತ್ತಿ ಹೇಳಿದಾಗ ಹೊರಡುವ ಗಾಳಿ ನೇರ ಬಡಿದರೆ ‘ಢಬ್’ ಎನ್ನುತ್ತದೆ, ಆಮೇಲೆ ಅದಕ್ಕೆ ಮದ್ದಿಲ್ಲ. ಆ ಗಾಳಿಯನ್ನು ತಡೆಯುವ ಪಾಪ್ ಫಿಲ್ಟರ್ ಇಲ್ಲದಿದ್ದರೆ ಕಸೂತಿ ಚೌಕಟ್ಟಿಗೆ ತೆಳು ಕಾಲುಚೀಲ ಎಳೆದು ಕಟ್ಟಿದರೂ ನಡೆಯುತ್ತದೆ.

ಒಂದೇ ಲ್ಯಾಪ್‌ಟಾಪಿಗೆ ಎರಡು ಯುಎಸ್‌ಬಿ ಮೈಕ್ ಚುಚ್ಚಿದರೆ ಹೆಚ್ಚಿನ ಸಾಫ್ಟ್‌ವೇರ್‌ಗಳು ಒಂದನ್ನೇ ಗುರುತಿಸುತ್ತವೆ. ಹೊಸಬರು ಮೊದಲ ದಿನವೇ ಎಡವುವುದು ಇಲ್ಲಿ. ಯುಎಸ್‌ಬಿ ಅಲ್ಲದ ಮೈಕುಗಳನ್ನು ಲ್ಯಾಪ್‌ಟಾಪಿಗೆ ಜೋಡಿಸುವ, ಎರಡು ಒಳದಾರಿಯ ಆಡಿಯೊ ಇಂಟರ್‌ಫೇಸ್ ಕೊಳ್ಳಿ. ಇಲ್ಲವೇ ಒಬ್ಬೊಬ್ಬರೂ ತಮ್ಮತಮ್ಮ ಫೋನಿನಲ್ಲಿ, ಏರ್‌ಪ್ಲೇನ್ ಮೋಡ್ ಹಾಕಿ, ಬೇರೆಬೇರೆ ರೆಕಾರ್ಡ್ ಮಾಡಿ. ಶುರುವಿನಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲಿ ಇನ್ನೊಂದು. ಮೊದಲನೆಯದು ಎರಡು ಫೈಲುಗಳನ್ನು ಜೋಡಿಸುವುದಕ್ಕೆ. ಎರಡನೆಯದು ಯಾಕೆಂದರೆ, ಎರಡು ಫೋನಿನ ಗಡಿಯಾರಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ಒಂದು ಗಂಟೆಯಲ್ಲಿ ಸೆಕೆಂಡಿನ ಒಂದು ಪಾಲು ಹಿಂದುಮುಂದಾಗಿ, ನಗು ಜೋಕಿಗಿಂತ ಮೊದಲೇ ಬಂದುಬಿಡುತ್ತದೆ. ಒಬ್ಬರು ವಿರಾಜಪೇಟೆಯಲ್ಲಿ, ಇನ್ನೊಬ್ಬರು ಸೋಮವಾರಪೇಟೆಯಲ್ಲಿ ಕೂತು ಫೋನ್ ಕರೆಯಲ್ಲಿ ಮಾತಾಡುವವರಿಗೂ ಇದೇ ಉಪಾಯ: ಕರೆ ಕೇಳಿಸಿಕೊಳ್ಳಲು ಒಂದು ಫೋನ್, ರೆಕಾರ್ಡಿಗೆ ಇನ್ನೊಂದು. ಚಪ್ಪಾಳೆ ಮಾತ್ರ ಇಬ್ಬರೂ ಎಣಿಸಿ ಒಟ್ಟಿಗೆ ಹೊಡೆಯಬೇಕು. ಕರೆ ತುಸು ತಡವಾಗಿ ಮುಟ್ಟುವುದರಿಂದ ಕೊನೆಗೆ ಕಿವಿಯಿಂದಲೇ ಹೊಂದಿಸಿಕೊಳ್ಳಿ.

ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆಯೇ ಓಡಲಿ. ಚಾರ್ಜರ್ ಚುಚ್ಚಿದರೆ, ಅದರಲ್ಲೂ ಇನ್ವರ್ಟರ್ ಮೇಲಿದ್ದರೆ, ಗುಂಯ್‌ಗುಡುವ ಸದ್ದು ಸೇರುತ್ತದೆ. ಕರೆಂಟ್ ಹೋದರೂ ಎಪಿಸೋಡ್ ಉಳಿಯುತ್ತದೆ.

ಮಾತಿನ ಮೈಕಟ್ಟು

45 ನಿಮಿಷದ ಎಪಿಸೋಡ್ ಹೀಗಿರಲಿ: ಪೀಠಿಕೆ 2 ನಿಮಿಷ, ಸ್ಪಾಯ್ಲರ್ (ಕಥೆಯ ಗುಟ್ಟು) ಇಲ್ಲದ ಮಾತು 10, ಗಂಟೆ ಬಾರಿಸಿದ ಮೇಲೆ ಸ್ಪಾಯ್ಲರ್ ಸಹಿತ 20, ಉಳಿದದ್ದು ರ‍್ಯಾಂಕಿಂಗ್‌ಗೆ. ಸ್ಪಾಯ್ಲರ್ ಶುರುವಾಗುವ ನಿಮಿಷವನ್ನು ವಿವರಣೆಯಲ್ಲೂ ಹಾಕಿ. ಮೊದಲ ಭಾಗದಲ್ಲೇ ಚಿತ್ರದ ಅವಧಿ, ನೋಡಿದ ಭಾಷೆ (ಮೂಲವೋ, ಡಬ್ ಆದದ್ದೋ), ಸೆನ್ಸಾರ್ ದರ್ಜೆ ಹೇಳಿಬಿಡಿ. 2024ರಿಂದ ಯುಎ (ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡುವಂಥದ್ದು) ಎಂದಷ್ಟೇ ಇಲ್ಲ. ಯುಎ 7+, 13+, 16+ ಎಂದು ಮೂರು ಮೆಟ್ಟಿಲಾಗಿದೆ. ಮಕ್ಕಳನ್ನು ಕರೆದೊಯ್ಯುವವರು ಕೇಳುವುದೇ ಅದನ್ನು.

ಪೂರ್ತಿ ಬರೆದು ಓದಬೇಡಿ, ಓದಿದ್ದು ಗೊತ್ತಾಗುತ್ತದೆ. ಒಂದು ಹಾಳೆ, ಏಳೆಂಟು ಸಾಲು, ಅಷ್ಟೇ. ಮೂರು ಮಾತುಗಳಿಗೆ ಮಾತ್ರ ನಿಷೇಧ ಹೇರಿ: ‘ಚೆನ್ನಾಗಿದೆ’, ‘ಸೆಕೆಂಡ್ ಹಾಫ್ ಲ್ಯಾಗ್’, ‘ಒಂದ್ಸಲ ನೋಡಬಹುದು’. ಬಾಯಿಗೆ ಬಂದರೆ ತಕ್ಷಣ ‘ಎಲ್ಲಿ?’ ಎಂದು ಕೇಳುವ ಕೆಲಸ ಎದುರಿನವರದು. ‘ಸೆಕೆಂಡ್ ಹಾಫ್ ಲ್ಯಾಗ್’ ಎಂದವರು ಟಿಪ್ಪಣಿ ತೆರೆದರೆ ನಿಜವಾದ ವಾಕ್ಯ ಸಿಗುತ್ತದೆ: ‘ಇಂಟರ್ವಲ್ ಆದ ಮೇಲೆ 20 ನಿಮಿಷದಲ್ಲಿ ಎರಡು ಹಾಡು, ಒಂದು ಫೈಟ್. ತಮ್ಮ ಎಲ್ಲಿ ಹೋದ ಅನ್ನುವುದು ನಮಗೆ ಬೇಕಿತ್ತು, ನಾಯಕನಿಗೇ ಅದು ಮರೆತುಹೋಯ್ತು.’ ಈ ಮಾತನ್ನು ಒಪ್ಪದವರೂ ಕೇಳುತ್ತಾರೆ.

ಇಲ್ಲಿಯ ಕೇಳುಗರಿಗೆ ಇನ್ನೊಂದು ಕಣ್ಣಿದೆ. ಕೊಡವ ಮದುವೆಯ ದೃಶ್ಯದಲ್ಲಿ ನೆಂಟರೆಲ್ಲ ಬಿಳಿ ಕುಪ್ಯ (ಕೊಡವ ಗಂಡಸರ ನಿಲುವಂಗಿ) ತೊಟ್ಟು ಬಂದರೆ ಪೊನ್ನಂಪೇಟೆಯಲ್ಲಿ ನಗು ಗ್ಯಾರಂಟಿ, ಬಿಳಿ ಕುಪ್ಯ ಮದುಮಗನದು. ಸೊಂಟದ ಮುಂದೆ ಸಿಕ್ಕಿಸುವ ಪೀಚೆಕತ್ತಿ ಬೆನ್ನಿಗೆ ಹೋಗಿದ್ದರೂ ಹಾಗೆಯೇ. ಕನ್ನಡದ್ದೇ ಒಂದು ಬಗೆಯಾದ ಅರೆಭಾಷೆ ಆಡುವವರ ಬಾಯಲ್ಲಿ ಕೊಡವರ ಭಾಷೆಯಾದ ಕೊಡವ ತಕ್ಕ್ ಹಾಕಿಸಿದರಂತೂ ಕೇಳುವುದೇ ಬೇಡ. ಇದನ್ನೆಲ್ಲ ಹೇಳಿ, ಆದರೆ ತೂಗಿ ಹೇಳಿ. ಕಥೆ ಕೊಡಗಿನದೇ ಎಂದು ಹೊರಟ ಚಿತ್ರದಲ್ಲಿ ಅದು ದೊಡ್ಡ ತಪ್ಪು. ಹಾಡೊಂದಕ್ಕೆ ಮಾಂದಲಪಟ್ಟಿ ಬೆಟ್ಟದ ಮಂಜು ಬೇಕಾಗಿ ಬಂದುಹೋದ ಚಿತ್ರಕ್ಕೆ ಅರ್ಧ ನಿಮಿಷ ಸಾಕು.

ರ‍್ಯಾಂಕಿಂಗ್: ಜಗಳಕ್ಕೂ ಲೆಕ್ಕ

ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿ ಮಾರ್ಚ್ ಹೊತ್ತಿಗೆ ಕೆಡುತ್ತದೆ. ಜನವರಿಯಲ್ಲಿ ಸಿಕ್ಕ ಮೊದಲ ಒಳ್ಳೆಯ ಚಿತ್ರಕ್ಕೆ 8 ಕೊಟ್ಟಿರುತ್ತೀರಿ, ಆಮೇಲೆ ಬಂದದ್ದೆಲ್ಲ ಏಳೂವರೆ, ಏಳೂಮುಕ್ಕಾಲು ಎಂದು ಅಲ್ಲೇ ಗುಂಪುಗೂಡುತ್ತವೆ. ಅಂಕದ ಬದಲು ವರ್ಷದ ಪಟ್ಟಿಯಲ್ಲಿ ಜಾಗ ಕೊಡಿ. ಅದಕ್ಕೆ ಮೊದಲು ಒಂದು ಪ್ರಶ್ನೆ ಗೊತ್ತುಮಾಡಿಕೊಳ್ಳಿ: ಪಟ್ಟಿ ‘ಶ್ರೇಷ್ಠ’ದ್ದೋ, ‘ಇಷ್ಟ’ದ್ದೋ? ಎರಡೂ ಬೇರೆ. ಇಷ್ಟದ ಪಟ್ಟಿಯಾದರೆ ‘ಇವತ್ತು ರಾತ್ರಿ ಇವೆರಡರಲ್ಲಿ ಒಂದನ್ನೇ ಮತ್ತೆ ನೋಡಬೇಕೆಂದರೆ ಯಾವುದು?’ ಎಂಬ ಒಂದೇ ಪ್ರಶ್ನೆ ವರ್ಷವಿಡೀ ನಡೆಯಲಿ. ನಡುವೆ ಬದಲಾಯಿಸಿದರೆ ಪಟ್ಟಿ ಸುಳ್ಳಾಗುತ್ತದೆ.

ಪಟ್ಟಿಯಲ್ಲಿ 20 ಚಿತ್ರಗಳಿವೆ, ಹೊಸದೊಂದು ಬಂತು ಎನ್ನಿ. ಮೇಲಿನಿಂದ ಒಂದೊಂದಕ್ಕೇ ಹೋಲಿಸಬೇಡಿ. ನೇರವಾಗಿ 10ನೆಯದರ ಎದುರು ನಿಲ್ಲಿಸಿ. ಗೆದ್ದರೆ 5ನೆಯದರ ಎದುರು, ಸೋತರೆ 15ನೆಯದರ ಎದುರು. ಹೀಗೆ ಪ್ರತಿ ಸಲ ಉಳಿದದ್ದನ್ನು ಅರ್ಧ ಮಾಡುತ್ತ ಹೋದರೆ ಹೆಚ್ಚೆಂದರೆ 5 ಹೋಲಿಕೆಗೆ ಅದರ ಜಾಗ ಸಿಗುತ್ತದೆ. 20 ಚಿತ್ರಗಳನ್ನೂ ಪರಸ್ಪರ ಹೋಲಿಸಲು ಕೂತರೆ 190 ಜೋಡಿ, ಬೆಳಗಾಗುತ್ತದೆ. ಹೋಲಿಕೆಗೆ ಒಂದು ನಿಮಿಷ ಎಂದಿಟ್ಟುಕೊಂಡರೂ ಐದು ನಿಮಿಷದ ಒಳ್ಳೆಯ ಕಾರ್ಯಕ್ರಮವಾಯಿತು. ಎಲ್ಲಿ ನಿಲ್ಲುತ್ತದೆಂದು ಕೇಳುಗರೂ ಊಹಿಸುತ್ತಿರುತ್ತಾರೆ.

ನೋಡಿದ ವಾರವೇ ಪಟ್ಟಿಗೆ ಸೇರಿಸಬೇಡಿ. ಒಂದು ವಾರ ಬೆಂಚಿನ ಮೇಲೆ ಕೂರಿಸಿ. ಬಿಜಿಎಂ (ಹಿನ್ನೆಲೆ ಸಂಗೀತ) ಕಿವಿಯಲ್ಲಿ ಗುಂಯ್‌ಗುಡುತ್ತಿರುವಾಗ ಮೂರನೆಯ ಜಾಗ ಪಡೆದ ಚಿತ್ರ ಏಳು ದಿನದ ಮೇಲೆ ಒಂಬತ್ತಕ್ಕೆ ಇಳಿಯುವುದು ಮಾಮೂಲು.

ವರ್ಷದ ಕೊನೆಯ ಪಟ್ಟಿಗೆ ಮೂವರ ಮತ ಸೇರಿಸುವಾಗ ಎಚ್ಚರ. ನಾಲ್ಕು ಚಿತ್ರ ಇವೆ ಎಂದುಕೊಳ್ಳಿ: ಅ, ಆ, ಇ, ಈ. ಮೊದಲ ಜಾಗಕ್ಕೆ 4, ಕೊನೆಯದಕ್ಕೆ 1 ಅಂಕ. ಇದಕ್ಕೆ ಬೋರ್ಡಾ ಎಣಿಕೆ ಎನ್ನುತ್ತಾರೆ. ಮೊದಲಿಗರ ಕ್ರಮ ಅ–ಆ–ಇ–ಈ, ಎರಡನೆಯವರದು ಅ–ಆ–ಈ–ಇ, ಮೂರನೆಯವರದು ಆ–ಇ–ಈ–ಅ. ಕೂಡಿದರೆ ಅ ಚಿತ್ರಕ್ಕೆ 4+4+1=9, ಆ ಚಿತ್ರಕ್ಕೆ 3+3+4=10. ಮೂವರಲ್ಲಿ ಇಬ್ಬರ ಮೆಚ್ಚಿನ ಚಿತ್ರ ಎರಡನೆಯದಾಯಿತು! ಒಬ್ಬರಿಗೆ ಅದು ಸುತರಾಂ ಹಿಡಿಸದಿದ್ದರೆ ಹೀಗಾಗುತ್ತದೆ. ಇದು ತಪ್ಪು ಲೆಕ್ಕವಲ್ಲ, ಎಲ್ಲರಿಗೂ ಒಪ್ಪಿತವಾದದ್ದನ್ನು ಗೆಲ್ಲಿಸುವ ಲೆಕ್ಕ. ಆದರೆ ಫಲಿತಾಂಶ ನೋಡಿದ ಮೇಲೆ ‘ಹಾಗಾದ್ರೆ ಬಹುಮತ ತಗೊಳ್ಳೋಣ’ ಎಂದು ಹೊರಳುವುದೇ ಎಲ್ಲ ಜಗಳಗಳ ಮೂಲ. ಬೋರ್ಡಾವೋ ಬಹುಮತವೋ ಎಂಬುದನ್ನು ಮೊದಲೇ ಬರೆದಿಡಿ. ಒಬ್ಬರು ನೋಡದ ಚಿತ್ರವಿದ್ದರೆ ಅದು ಜಂಟಿ ಪಟ್ಟಿಗೆ ಬೇಡ. ನೋಡದ್ದಕ್ಕೆ ಸೊನ್ನೆ ಹಾಕಿದರೆ ಸಣ್ಣ ಚಿತ್ರಗಳೇ ಬಲಿಯಾಗುತ್ತವೆ.

ಅರ್ಹತೆಗೂ ಒಂದೇ ಸಾಲಿನ ನಿಯಮ ಸಾಕು, ಉದಾಹರಣೆಗೆ ‘ಜನವರಿ 1ರಿಂದ ಡಿಸೆಂಬರ್ 31ರೊಳಗೆ ಕರ್ನಾಟಕದ ಥಿಯೇಟರಿನಲ್ಲೋ ಒಟಿಟಿಯಲ್ಲೋ ಮೊದಲು ಬಂದದ್ದು’. ಡಿಸೆಂಬರ್ ಕೊನೆಯ ಚಿತ್ರಗಳಿಗೂ ಬೆಂಚಿನ ವಾರ ಸಿಗಬೇಕಾದ್ದರಿಂದ ಪಟ್ಟಿ ಜನವರಿ ಮಧ್ಯಕ್ಕೆ ಬರಲಿ. ಕಾಫಿ ಕುಯ್ಲಿನ ನಡುವೆ ಮೂವರನ್ನೂ ಒಂದೆಡೆ ಕೂರಿಸುವುದು ಕಷ್ಟ, ದಿನಾಂಕ ಮೊದಲೇ ಗೊತ್ತುಮಾಡಿ.

ಕತ್ತರಿಸಿ, ಏರಿಸಿ

ಧ್ವನಿ ಕತ್ತರಿಸಿ ಜೋಡಿಸುವ ಆಡಾಸಿಟಿ ಸಾಫ್ಟ್‌ವೇರ್ ಉಚಿತ, ಇಷ್ಟಕ್ಕೆ ಸಾಕು. ಮೊದಲು 80 ಹರ್ಟ್ಜ್ ಕೆಳಗಿನ ತಗ್ಗು ಸದ್ದನ್ನು ಹೈ ಪಾಸ್ ಫಿಲ್ಟರಿನಿಂದ ತೆಗೆಯಿರಿ. ‘ಅಂದ್ರೆ’, ‘ಆ್ಯಕ್ಚುಲಿ’ಗಳನ್ನು ಎಲ್ಲ ಕಡೆ ಕತ್ತರಿಸಬೇಡಿ, ಉಸಿರು ಹೋಗುತ್ತದೆ. ಕೊನೆಯಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್: ಎಪಿಸೋಡಿನ ಒಟ್ಟು ಸದ್ದಿನ ಮಟ್ಟ ಸ್ಟೀರಿಯೊಗೆ ಮೈನಸ್ 16 ಎಲ್‌ಯುಎಫ್‌ಎಸ್, ಮೋನೋಗೆ (ಒಂದೇ ಚಾನೆಲ್) ಮೈನಸ್ 19. ಮೋನೋವನ್ನು ಡ್ಯುಯಲ್ ಮೋನೋ ಎಂದು ಪರಿಗಣಿಸುವ ಆಯ್ಕೆಗೆ ಟಿಕ್ ಇದ್ದರೆ ಮೋನೋಗೂ ಮೈನಸ್ 16 ಎಂದೇ ಕೊಡಿ. ಟಿಕ್ ಇದ್ದೂ ಮೈನಸ್ 19 ಕೊಟ್ಟರೆ ನಿಮ್ಮ ಎಪಿಸೋಡ್ ಮಾತ್ರ ಬೇರೆಯವರದಕ್ಕಿಂತ ಮೆಲ್ಲಗೆ ಕೇಳಿಸುತ್ತದೆ. 64 ಕೆಬಿಪಿಎಸ್ ಮೋನೋ ಎಂಪಿ3 ಮಾಡಿದರೆ 45 ನಿಮಿಷಕ್ಕೆ ಸುಮಾರು 22 ಎಂಬಿ. ಮಳೆಗಾಲದ ನೆಟ್‌ವರ್ಕಿನಲ್ಲೂ ಏರುತ್ತದೆ, ತೋಟದ ನಡುವೆ ಕೇಳುವವರಿಗೂ ಇಳಿಯುತ್ತದೆ. ಕವರ್ ಚಿತ್ರ 3000 x 3000 ಪಿಕ್ಸೆಲ್.

ಶುರುವಿನ ಸಂಗೀತಕ್ಕೆ ಸಿನಿಮಾ ಹಾಡು ಬಳಸಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆ ವಿಮರ್ಶೆಗಾಗಿ ನ್ಯಾಯವಾದ ಬಳಕೆಗೆ ಅವಕಾಶ ಕೊಡುತ್ತದೆ ನಿಜ, ಆದರೆ ಪ್ರತಿವಾರ ಕೇಳಿಸುವ ಶೀರ್ಷಿಕೆ ಸಂಗೀತ ವಿಮರ್ಶೆಯಲ್ಲ. ದುಡಿ ಎಂಬ ಚರ್ಮವಾದ್ಯ ಬಾರಿಸುವವರು ಊರಲ್ಲಿ ಇದ್ದೇ ಇರುತ್ತಾರೆ. ಒಪ್ಪಿಗೆ ಪಡೆದು 8 ಸೆಕೆಂಡ್ ರೆಕಾರ್ಡ್ ಮಾಡಿಕೊಳ್ಳಿ.

ಪಟ್ಟಿಯ ಹಳೆಯ ಪ್ರತಿಗಳನ್ನು ಅಳಿಸದೆ ದಿನಾಂಕ ಹಾಕಿ ಇಟ್ಟುಕೊಳ್ಳಿ. ಯಾವುದಾದರೂ ಚಿತ್ರವನ್ನು ಮೇಲೆ ಕೆಳಗೆ ಮಾಡಿದರೆ, ಯಾರು ಯಾಕೆ ಮಾಡಿದರೆಂದು ಆ ವಾರವೇ ಹೇಳಿ. ಛಾಯಾಗ್ರಾಹಕರ ಹೆಸರು ತಪ್ಪಿದ್ದರೆ ಮುಂದಿನ ಎಪಿಸೋಡಿನ ಮೊದಲ ನಿಮಿಷದಲ್ಲೇ ಸರಿಪಡಿಸಿ, ಹಳೆಯ ಎಪಿಸೋಡಿನ ವಿವರಣೆಯಲ್ಲೂ ಬರೆಯಿರಿ.