ಲೈನ್ ನಿಲ್ಲದ ಹಾಗೆ ಸ್ಟಾಕ್ ಲೆಕ್ಕ ಹಾಕುವುದು ಹೇಗೆ

ಹತ್ತೊಂಬತ್ತು ವರ್ಷ ಒಂದು ದೊಡ್ಡ ಗಾಡಿ ಕಂಪನಿಯ ಪರ್ಚೇಸ್‌ನಲ್ಲಿದ್ದೆ. ಎಂಜಿನ್ ಬರಲಿಲ್ಲ ಅಂತ ಗಾಡಿ ಜೋಡಿಸುವ ಲೈನ್ ನಿಂತದ್ದು ಒಮ್ಮೆಯೂ ನೆನಪಿಲ್ಲ. ನಿಂತದ್ದು ಒಂದು ಬೋಲ್ಟಿಗೆ. ಬೆಲೆ ಮೂರೂವರೆ ರೂಪಾಯಿ. ಎಂಜಿನ್ ಎಲ್ಲಿಗೆ ಬಂತು ಅಂತ ಮ್ಯಾನೇಜರ್‌ನಿಂದ ಹಿಡಿದು ಎಲ್ಲರೂ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಾರೆ. ಬೋಲ್ಟನ್ನು ಯಾರು ವಿಚಾರಿಸುತ್ತಾರೆ?

ಈಗಷ್ಟೇ ಪರ್ಚೇಸ್‌ಗೆ ಸೇರಿದವರಿಗೆ ನಾನು ಹೇಳುವುದು ಇದನ್ನೇ: ಪಾರ್ಟಿನ ಬೆಲೆ ನೋಡಿ ಅದಕ್ಕೆ ಮರ್ಯಾದೆ ಕೊಡಬೇಡಿ.

ಸೇರಿದ ದಿನವೇ ನಿಮಗೆ ಎಬಿಸಿ ಪಟ್ಟಿ ಕೈಗೆ ಸಿಗುತ್ತದೆ. ವರ್ಷಕ್ಕೆ ಜಾಸ್ತಿ ದುಡ್ಡು ತಿನ್ನುವ ಪಾರ್ಟು ಎ, ಕಡಿಮೆ ತಿನ್ನುವುದು ಸಿ. ದುಡ್ಡಿನ ಲೆಕ್ಕಕ್ಕೆ ಅದು ಸರಿ. ಪಕ್ಕದಲ್ಲಿ ನೀವೇ ಇನ್ನೊಂದು ಪಟ್ಟಿ ಮಾಡಿಕೊಳ್ಳಿ. ಪ್ರತಿ ಪಾರ್ಟಿಗೆ ಎರಡೇ ಪ್ರಶ್ನೆ. ಇದು ಬರದಿದ್ದರೆ ಲೈನ್ ನಿಲ್ಲುತ್ತಾ? ಈಗ ಮಾಲು ಕೊಡುವ ವೆಂಡರ್ ಕೈ ಎತ್ತಿದರೆ ಬೇರೆಯವರಿಂದ ತರಲು ಎಷ್ಟು ದಿನ ಬೇಕು? ಪಾರ್ಟಿನ ಅಚ್ಚು (ಡೈ ಅಥವಾ ಮೋಲ್ಡ್) ಒಬ್ಬನೇ ವೆಂಡರ್ ಹತ್ತಿರ ಇದ್ದರೆ ಆ ಉತ್ತರ ದಿನಗಳಲ್ಲಿ ಬರುವುದಿಲ್ಲ, ತಿಂಗಳುಗಳಲ್ಲಿ ಬರುತ್ತದೆ. ಪೀಟರ್ ಕ್ರಾಲ್ಜಿಕ್ ಎಂಬ ಮ್ಯಾನೇಜ್‌ಮೆಂಟ್ ಸಲಹೆಗಾರರು 1983ರಲ್ಲೇ ಇದನ್ನು ಬರೆದಿದ್ದಾರೆ: ಖರ್ಚಿನ ಜೊತೆಗೆ ಸರಬರಾಜಿನ ಅಪಾಯವನ್ನೂ ಅಳೆಯಿರಿ ಅಂತ. ಆದರೂ ಎಷ್ಟೋ ಕಂಪನಿಗಳಲ್ಲಿ ಎಬಿಸಿಯಿಂದ ಮುಂದೆ ಯಾರೂ ಹೋಗುವುದಿಲ್ಲ.

ಆಮೇಲೆ ಸ್ಟೋರ್ಸ್‌ಗೆ ಇಳಿದು ಹೋಗಿ. ಕಂಪ್ಯೂಟರ್ ಮುಂದೆ ಕೂತು ಸ್ಟಾಕ್ ನೋಡುವುದು ಅಭ್ಯಾಸವಾದರೆ ಕೆಟ್ಟಿರಿ. ನಮ್ಮ ಬೋಲ್ಟು ಸಿಸ್ಟಮ್‌ನಲ್ಲಿ 6,000 ಇತ್ತು. ಪಾರ್ಟು ಇಡುವ ಬಿನ್‌ನಲ್ಲಿ ಇದ್ದದ್ದು 3,800. ಉಳಿದ 2,200 ಕ್ಯೂಸಿ (ಗುಣಮಟ್ಟ ತಪಾಸಣೆ) ಮೂಲೆಯಲ್ಲಿ ಕೆಂಪು ಚೀಟಿ ಅಂಟಿಸಿಕೊಂಡು, ಯಾರಾದರೂ ಬಂದು ತೀರ್ಮಾನ ಮಾಡಲಿ ಅಂತ ಕೂತಿದ್ದವು. ಧೂಳು ನೋಡಿದರೆ ಬಹಳ ದಿನದಿಂದ ಕೂತ ಹಾಗಿತ್ತು.

ಇನ್ನು ಲೀಡ್ ಟೈಮ್, ಅಂದರೆ ಆರ್ಡರ್ ಹಾಕಿದ ಮೇಲೆ ಮಾಲು ಕೈಗೆ ಬರಲು ಹಿಡಿಯುವ ಸಮಯ. ವೆಂಡರ್ ಬಾಯಲ್ಲಿ ಹೇಳುವ ದಿನ ಬೇರೆ, ನಿಜವಾಗಿ ಹಿಡಿಯುವ ದಿನ ಬೇರೆ. ಹಿಂದಿನ ಹನ್ನೆರಡು ಜಿಆರ್‌ಎನ್, ಅಂದರೆ ಮಾಲು ಬಂದದ್ದಕ್ಕೆ ಬರೆದ ರಸೀದಿ, ತೆಗೆಸಿ. ಪಿಒ (ಖರೀದಿ ಆರ್ಡರ್) ಹಾಕಿದ ತಾರೀಖಿನಿಂದ ಮಾಲು ಬಿನ್‌ಗೆ ಬಿದ್ದ ತಾರೀಖಿನವರೆಗೆ ಎಣಿಸಿ. ಗೇಟಿಗೆ ಬಂದ ತಾರೀಖಿನವರೆಗೆ ಅಲ್ಲ! ಗೇಟಿನಿಂದ ಬಿನ್‌ಗೆ ಬರಲು ನಮ್ಮಲ್ಲಿ ಕೆಲವೊಮ್ಮೆ ಮೂರು ದಿನ ಹಿಡಿಯುತ್ತಿತ್ತು. ಸರಾಸರಿ ಒಂದು ಕಡೆ ಬರೆದುಕೊಳ್ಳಿ, ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು ಕಡೆ.

ನಮ್ಮ ಬೋಲ್ಟಿನ ಲೆಕ್ಕ ಹೀಗಿತ್ತು. ದಿನಕ್ಕೆ ಸರಾಸರಿ 400 ಬೇಕು, ಲೈನ್ ಜೋರಾಗಿ ಓಡಿದ ದಿನ 520. ಸರಾಸರಿ 12 ದಿನಕ್ಕೆ ಮಾಲು ಬರುತ್ತದೆ, ತೀರಾ ತಡವಾದಾಗ 20 ದಿನ. ಕೆಟ್ಟದ್ದಕ್ಕೆ ಕೆಟ್ಟದ್ದನ್ನು ಗುಣಿಸಿ: 520 ಇಂಟು 20, ಅಂದರೆ 10,400. ಸರಾಸರಿಗೆ ಸರಾಸರಿ: 400 ಇಂಟು 12, ಅಂದರೆ 4,800. ಎರಡರ ವ್ಯತ್ಯಾಸ 5,600. ಅದೇ ನಿಮ್ಮ ಸೇಫ್ಟಿ ಸ್ಟಾಕ್, ಕಷ್ಟಕಾಲಕ್ಕೆ ಅಂತ ಇಡುವ ಮಾಲು. ಬಿನ್ 10,400ಕ್ಕೆ ಇಳಿದ ದಿನ ಹೊಸ ಪಿಒ ಹೋಗಬೇಕು. ಇದಕ್ಕಿಂತ ನಾಜೂಕಾದ ಸೂತ್ರಗಳಿವೆ. ಶುರು ಮಾಡಲು ಇಷ್ಟು ಸಾಕು.

ಇನ್ವೆಂಟರಿ ಯಾಕೆ ಏರಿಸಿದಿರಿ ಅಂತ ಫೈನಾನ್ಸ್‌ನವರು ಕೇಳಿಯೇ ಕೇಳುತ್ತಾರೆ. 5,600 ಬೋಲ್ಟಿಗೆ 19,600 ರೂಪಾಯಿ. ಲೈನ್ ಒಂದು ಗಂಟೆ ನಿಂತರೆ ಎಷ್ಟು ಅಂತ ಅವರ ಹತ್ತಿರವೇ ಲೆಕ್ಕ ಇರುತ್ತದೆ, ಕೇಳಿ. ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಇದೇ ಧಾರಾಳವನ್ನು ದುಬಾರಿ ಪಾರ್ಟಿಗೆಲ್ಲ ತೋರಿಸಬೇಡಿ, ದುಡ್ಡು ಗೋಡೌನಿನಲ್ಲಿ ಕೊಳೆಯುತ್ತದೆ.

ಜಸ್ಟ್ ಇನ್ ಟೈಮ್, ಬೇಕಾದ ಹೊತ್ತಿಗೇ ಮಾಲು ತರಿಸುವ ಪದ್ಧತಿ, ಅಂದರೆ ಸ್ಟಾಕೇ ಇಡಬಾರದು ಅಂತ ನಂಬಿದವರು ನಮ್ಮಲ್ಲೂ ಇದ್ದರು. ಆ ಪದ್ಧತಿಯನ್ನು ಬೆಳೆಸಿದ ಟೊಯೋಟಾದವರೇ ಹಾಗೆ ಮಾಡುವುದಿಲ್ಲ. ಜಪಾನಿನ 2011ರ ಭೂಕಂಪದಲ್ಲಿ ಪೆಟ್ಟು ತಿಂದ ಮೇಲೆ, ಎರಡರಿಂದ ಆರು ತಿಂಗಳಿಗೆ ಆಗುವಷ್ಟು ಚಿಪ್ ಇಟ್ಟುಕೊಳ್ಳಿ ಅಂತ ಸಪ್ಲೈಯರ್‌ಗಳಿಗೆ ಹೇಳಿದರು. 2021ರ ಶುರುವಿನಲ್ಲಿ ಬೇರೆಯವರು ಚಿಪ್ ಇಲ್ಲದೆ ಲೈನ್ ನಿಲ್ಲಿಸುವಾಗ ಅವರು ತಡೆದುಕೊಂಡರು. ಆಗಸ್ಟ್ ಹೊತ್ತಿಗೆ ಅವರಿಗೂ ಬಿಸಿ ತಟ್ಟಿತು ಅನ್ನಿ. ಆದರೂ ಅಷ್ಟು ತಿಂಗಳು ಸಿಕ್ಕಿತಲ್ವಾ?

ಈಗ ನಮ್ಮ ಲೈನ್ ನಿಂತ ಕಥೆಗೆ ಬರುತ್ತೇನೆ. ಬೋಲ್ಟಿಗೆ ನಮಗೆ ಇಬ್ಬರು ವೆಂಡರ್‌ಗಳು. ಒಬ್ಬರು ಪೀಣ್ಯದಲ್ಲಿ, ಇನ್ನೊಬ್ಬರು ಹೊಸೂರಿನಲ್ಲಿ. ಒಬ್ಬರಿಗೆ ತೊಂದರೆಯಾದರೆ ಇನ್ನೊಬ್ಬರು ಇದ್ದಾರೆ ಅಂತ ನಾನು ನೆಮ್ಮದಿಯಾಗಿದ್ದೆ. ಒಂದು ಮಂಗಳವಾರ ಇಬ್ಬರೂ ಅರ್ಧ ಗಂಟೆಯ ಅಂತರದಲ್ಲಿ ಫೋನ್ ಮಾಡಿದರು. ಮಾತೂ ಒಂದೇ: 'ಪ್ಲೇಟಿಂಗ್ ಆಗಿಲ್ಲ ಸಾರ್.' ಇಬ್ಬರೂ ಸತು ಲೇಪನಕ್ಕೆ ಕಳಿಸುತ್ತಿದ್ದದ್ದು ಒಂದೇ ಪ್ಲೇಟಿಂಗ್ ಅಂಗಡಿಗೆ. ಅಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ಕೆಟ್ಟು ಕೆಲಸ ನಿಂತಿತ್ತು. ಬೋಲ್ಟುಗಳು ಕಪ್ಪಗೆ ಡ್ರಮ್ಮಿನಲ್ಲಿ ಬಿದ್ದಿದ್ದವು. ಇಬ್ಬರು ವೆಂಡರ್ ಅಂದುಕೊಂಡಿದ್ದೆ, ಇದ್ದದ್ದು ಒಬ್ಬನೇ.

1997ರ ಫೆಬ್ರವರಿ 1ರಂದು ಜಪಾನಿನ ಐಸಿನ್ ಸೇಕಿ ಕಾರ್ಖಾನೆ ಸುಟ್ಟಾಗ ಟೊಯೋಟಾಗೆ ಆದದ್ದೂ ಇದೇ. ಬ್ರೇಕಿಗೆ ಬೇಕಾದ ಪುಟ್ಟ ವಾಲ್ವು, ಹೆಚ್ಚುಕಡಿಮೆ ಎಲ್ಲವೂ ಆ ಒಂದೇ ಕಡೆಯಿಂದ ಬರುತ್ತಿತ್ತು. ಕೆಲವೇ ದಿನಗಳಲ್ಲಿ ಟೊಯೋಟಾದ ಕಾರ್ಖಾನೆಗಳು ಸಾಲಾಗಿ ನಿಂತವು. ಕೊನೆಗೆ ಬೇರೆ ಬೇರೆ ಸಪ್ಲೈಯರ್‌ಗಳು ಸೇರಿ, ಹಿಂದೆ ಮಾಡಿರದ ಆ ವಾಲ್ವನ್ನು ತಮ್ಮ ತಮ್ಮ ಮೆಷಿನ್‌ಗಳಲ್ಲಿ ಮಾಡಿ ಕೊಟ್ಟರು.

ಹಾಗಾಗಿ ನಿಮ್ಮ ಎರಡನೇ ಪಟ್ಟಿಯಲ್ಲಿ ಲೈನ್ ನಿಲ್ಲಿಸುತ್ತದೆ ಅಂತ ಬರೆದ ಪಾರ್ಟುಗಳಿಗೆ ವೆಂಡರ್‌ನ ಶೆಡ್ಡಿಗೇ ಹೋಗಿ. ಆಫೀಸಿನಲ್ಲಿ ಕಾಫಿ ಕುಡಿದು ಬರಬೇಡಿ. ಕಬ್ಬಿಣ ಎಲ್ಲಿಂದ ಬರುತ್ತದೆ, ಹೀಟ್ ಟ್ರೀಟ್‌ಮೆಂಟ್ ಎಲ್ಲಿ, ಪ್ಲೇಟಿಂಗ್ ಎಲ್ಲಿ ಅಂತ ಕೇಳಿ. ವೆಂಡರ್ ಹೇಳಲು ಹಿಂಜರಿದರೆ ಡೆಲಿವರಿ ಚಲನ್ ಪುಸ್ತಕ ತೋರಿಸಿ ಅನ್ನಿ, ಅದರಲ್ಲಿ ಎಲ್ಲ ಹೆಸರೂ ಇರುತ್ತದೆ. ಹಾಗೇ ಆಯುಧ ಪೂಜೆಗೆ ಎಷ್ಟು ದಿನ ಶೆಡ್ ಮುಚ್ಚುತ್ತೀರಿ ಅಂತಲೂ ವಿಚಾರಿಸಿ. ಪೂಜೆಗೆ ಒಂದು ದಿನ ಅನ್ನುತ್ತಾರೆ. ಊರಿಗೆ ಹೋದ ಹುಡುಗರು ವಾಪಸ್ ಬಂದು ಮೆಷಿನ್ ಪೂರ್ತಿ ಓಡುವ ಹೊತ್ತಿಗೆ ವಾರ ಕಳೆದಿರುತ್ತದೆ. ದಸರಾ ಶೆಡ್ಯೂಲನ್ನು ನಾನು ಆಗಸ್ಟ್‌ನಲ್ಲೇ ಕೊಡುತ್ತಿದ್ದೆ.

ಮಾಲು ಸಿಗುತ್ತಿಲ್ಲ ಅಂತ ಗಾಬರಿಯಾಗಿ ಮೂರು ಪಟ್ಟು ಆರ್ಡರ್ ಹಾಕುವ ಚಟವೊಂದಿದೆ. ಮಾಡಬೇಡಿ. ನೀವು ಮೂರು ಪಟ್ಟು ಕೇಳಿದರೆ ವೆಂಡರ್ ತನ್ನ ವೆಂಡರ್‌ಗೆ ನಾಲ್ಕು ಪಟ್ಟು ಕೇಳುತ್ತಾನೆ. ಎರಡು ತಿಂಗಳಾದ ಮೇಲೆ ಎಲ್ಲ ಒಟ್ಟಿಗೆ ಬಂದು ಬೀಳುತ್ತದೆ, ನೀವು ಪಿಒ ಕ್ಯಾನ್ಸಲ್ ಮಾಡುತ್ತೀರಿ, ಸಾಲ ಮಾಡಿ ಕಬ್ಬಿಣ ತಂದ ಸಣ್ಣ ಮನುಷ್ಯ ಮುಳುಗುತ್ತಾನೆ.

ಪೇಮೆಂಟ್ ವಿಷಯ ಪರ್ಚೇಸ್‌ನವರದ್ದಲ್ಲ ಅನ್ನುತ್ತಾರೆ. ನಮ್ಮದೇ. ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದ ಇದ್ದರೂ ಮಾಲು ಒಪ್ಪಿಕೊಂಡು 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ. ಆ ಮಂಗಳವಾರ ಪೀಣ್ಯದ ವೆಂಡರ್‌ಗೆ ನಮ್ಮಿಂದ 90 ದಿನದ ಬಿಲ್ ಬಾಕಿ ಇತ್ತು. ಬೇರೆ ಪ್ಲೇಟರ್ ಹುಡುಕಿ ಅಂತ ಕೇಳಿದೆ. 'ಅವರು ಕ್ಯಾಶ್ ಕೇಳುತ್ತಾರೆ ಸಾರ್, ನನ್ನ ಹತ್ತಿರ ಎಲ್ಲಿದೆ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಕೌಂಟ್ಸ್‌ಗೆ ಹೋಗಿ ಕೂತು, ಚೆಕ್ ಕೈಗೆ ತೆಗೆದುಕೊಂಡು, ನಾನೇ ಪೀಣ್ಯಕ್ಕೆ ಹೋಗಿ ಕೊಟ್ಟೆ. ಬೋಲ್ಟು ಗುರುವಾರ ರಾತ್ರಿ ಬಂತು.