ಅಗಲ 923 ಮಿಲಿಮೀಟರ್

ನಾನು ವಿಷಯ ನಿರ್ವಾಹಕನಾಗಿದ್ದ ಕಚೇರಿಯ ದಾಖಲೆ ಕೊಠಡಿಗೆ ಕಬ್ಬಿಣದ ಬೀರುಗಳು ಬೇಕಾಗಿದ್ದವು. ಅಂದಾಜು ಮೊತ್ತ ಕೊಟೇಶನ್ ಮಿತಿಯನ್ನು, ಅಂದರೆ ಟೆಂಡರ್ ಇಲ್ಲದೆ ದರಪಟ್ಟಿ ತರಿಸಿಯೇ ಕೊಳ್ಳಬಹುದಾದ ಮೊತ್ತವನ್ನು, ದಾಟಿತ್ತು. "ನಾಲ್ಕು ಬಿಲ್ ಮಾಡಿ ಮುಗಿಸ್ಬಿಡ್ರಿ" ಅಂದರು ಸಾಹೇಬರು. ಒಂದೇ ವಾರ, ಒಂದೇ ಅಂಗಡಿ, ಮಿತಿಗೆ ಚೂರು ಕಡಿಮೆ ಇರುವ ನಾಲ್ಕು ಬಿಲ್: ಆಡಿಟ್‌ನವರ ಕಣ್ಣು ಮೊದಲು ಬೀಳುವುದೇ ಅಲ್ಲಿ. ಸರ್ಕಾರಿ ಖರೀದಿಗೆ ಕರ್ನಾಟಕ ಮಾಡಿರುವ 1999ರ ಪಾರದರ್ಶಕತೆ ಅಧಿನಿಯಮವನ್ನು, ನಾವು ಕೆಟಿಪಿಪಿ ಅನ್ನುತ್ತೇವಲ್ಲ ಅದನ್ನು, ಟಿಪ್ಪಣಿಯಲ್ಲಿ ಕಾಣಿಸಿ ಟೆಂಡರ್‌ಗೇ ಕಡತ ಮಂಡಿಸಿದೆ. ಸಹಿ ಆಯಿತು.

ತಪ್ಪಿದ್ದು ಬೇರೆ ಕಡೆ. ಕಡತ ಗೊತ್ತಿದ್ದವನಿಗೆ ತಗಡು ಗೊತ್ತಿರಲಿಲ್ಲ. ಅಂದಾಜಿಗೆಂದು ಒಬ್ಬ ಡೀಲರ್ ಕೊಟ್ಟಿದ್ದ ಹಾಳೆಯಲ್ಲಿದ್ದ ಅಳತೆಗಳನ್ನೆಲ್ಲ ಹಾಗೇ ಟೆಂಡರ್‌ನಲ್ಲಿ ಟೈಪ್ ಮಾಡಿಸಿದೆ. ಅಗಲ 923 ಮಿ.ಮೀ. ಹೆಚ್ಚು-ಕಡಿಮೆಗೆ ಜಾಗವೇ ಇಲ್ಲ.

ಬಿಡ್ ಹಾಕುವ ಮೊದಲು ಅನುಮಾನ ಕೇಳಿ ತಿಳಿಯಲು ಕರೆಯುವ ಪ್ರೀ-ಬಿಡ್ ಸಭೆಗೆ ಬಂದಿದ್ದ ಸಣ್ಣ ವರ್ಕ್‌ಶಾಪ್‌ನವರೊಬ್ಬರು ಕೇಳಿದರು: "ಸಾರ್, ಈ ಅಳತೆ ಒಂದೇ ಕಂಪನಿ ಕ್ಯಾಟಲಾಗ್‌ನಲ್ಲಿರೋದು. ನೀವ್ಯಾರೂ ಬರಬೇಡಿ ಅಂತ ನೇರವಾಗಿ ಹೇಳಬಹುದಿತ್ತಲ್ಲ?" ನಾನು ಯಾರ ಕೈಯಿಂದಲೂ ಕಾಸು ಮುಟ್ಟಿರಲಿಲ್ಲ. ಆದರೆ ಆ ಹಾಳೆ ನೋಡಿದ ಯಾರು ನಂಬುತ್ತಾರೆ?

ಮರುದಿನ ಟೇಪು ಹಿಡಿದು ದಾಖಲೆ ಕೊಠಡಿಗೆ ಹೋದೆ. ಬಾಗಿಲು ಎಷ್ಟು ಅಗಲ, ಒಂದು ಶೆಲ್ಫ್‌ಗೆ ಎಷ್ಟು ಕಟ್ಟು ಕಡತ ಕೂರುತ್ತದೆ, ತಕ್ಕಡಿಯಲ್ಲಿಟ್ಟರೆ ಎಷ್ಟು ತೂಗುತ್ತದೆ. ತಗಡಿನ ಕನಿಷ್ಠ ದಪ್ಪ, ಶೆಲ್ಫ್ ಹೊರಬೇಕಾದ ಭಾರ, ಅಗಲ-ಎತ್ತರಕ್ಕೆ "ಇಷ್ಟರಿಂದ ಇಷ್ಟರೊಳಗೆ" — ಹೀಗೆ ನಮಗೆ ಬೇಕಾದದ್ದನ್ನಷ್ಟೇ ಬರೆದೆ. ಬೀರುವಿನ ಬಣ್ಣ ಯಾವುದಾದರೇನು! ಕೇಳಿದವರ ಹೆಸರು ಬಿಟ್ಟು, ಪ್ರಶ್ನೆ-ಉತ್ತರ ಮತ್ತು ತಿದ್ದುಪಡಿ ಎರಡನ್ನೂ ಎಲ್ಲರಿಗೂ ಕಾಣುವಂತೆ ಪೋರ್ಟಲ್‌ನಲ್ಲಿ ಹಾಕಿಸಿದೆವು, ಕೊನೆಯ ದಿನಾಂಕವನ್ನೂ ಮುಂದಕ್ಕೆ ಹಾಕಿದೆವು.

ಐದು ಬಿಡ್ ಬಂದವು. ಎರಡು ಲಕೋಟೆ ಪದ್ಧತಿ: ತಾಂತ್ರಿಕ ವಿವರ ಒಂದರಲ್ಲಿ, ದರ ಇನ್ನೊಂದರಲ್ಲಿ; ಮೊದಲನೆಯದರಲ್ಲಿ ಪಾಸಾದವರ ದರ ಮಾತ್ರ ತೆರೆಯುವುದು. ತಾಂತ್ರಿಕ ಲಕೋಟೆ ತೆರೆದರೆ ಆ ವರ್ಕ್‌ಶಾಪ್‌ನವರ ದರಪಟ್ಟಿ ಅದರೊಳಗೇ ಕೂತಿದೆ! ದರ ಕಂಡಮೇಲೆ ತಾಂತ್ರಿಕ ಪರಿಶೀಲನೆಗೆ ಅರ್ಥವಿಲ್ಲ, ತಿರಸ್ಕರಿಸಲೇಬೇಕು. ಆ ಟಿಪ್ಪಣಿ ಬರೆದವನೂ ನಾನೇ. ಫೋನ್ ಮಾಡಿದರು, ಜಗಳಕ್ಕಲ್ಲ. "ಮುಂದಿನ ಸಲ ಯಾವ ಫೈಲ್ ಎಲ್ಲಿ ಅಪ್‌ಲೋಡ್ ಮಾಡಬೇಕು ಸಾರ್?" ಟೆಂಡರ್ ದಾಖಲೆಯಲ್ಲಿ ಅದನ್ನು ಬರೆದಿರುವ ಪುಟದ ಸಂಖ್ಯೆ ಹೇಳಿದೆ.

ಎಲ್-1, ಅಂದರೆ ಅತಿ ಕಡಿಮೆ ದರದವರು, ಆದವರು ಪಕ್ಕದ ಜಿಲ್ಲೆಯವರು. ಅಂದಾಜು ಹಾಳೆ ಕೊಟ್ಟಿದ್ದ ಡೀಲರ್ ಮೂರನೆಯವ. ಈಗಲೂ ಎದುರಾದರೆ ಮುಖ ತಿರುಗಿಸುತ್ತಾನೆ.