ಸಾಸಿವೆ ಡಬ್ಬಿಯಿಂದ ಬೀರುವಿಗೆ: ಪಾಸ್‌ವರ್ಡ್ ಇಡುವುದು ಹೀಗೆ

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆಯಿಂದ ಮೂರು ಮನೆ ಆಚೆ ಇರುವ ನಿವೃತ್ತ ಮೇಷ್ಟ್ರು, ಪ್ರಿಂಟರ್ ಕೆಲಸ ಮಾಡುತ್ತಿಲ್ಲವೆಂದು ಕರೆದಿದ್ದರು. ಪ್ರಿಂಟರ್ ಏನೋ ಸರಿಹೋಯಿತು. ಆದರೆ ಡೆಸ್ಕ್‌ಟಾಪ್ ಮೇಲೆ ‘ದೇವರನಾಮ’ ಎಂಬ ನೋಟ್‌ಪ್ಯಾಡ್ ಫೈಲ್ ಕಂಡಿತು. ಮೇಷ್ಟ್ರು ದನಿ ತಗ್ಗಿಸಿದರು: “ಅದ್ರಲ್ಲಿ ದಾಸರ ಪದ ಇಲ್ಲಪ್ಪ. ಬ್ಯಾಂಕಿಂದು, ಪೆನ್ಷನ್ದು, ಎಲ್ಲಾ ಪಾಸ್‌ವರ್ಡ್ ಅಲ್ಲೇ ಬರ್ಕೊಂಡಿದೀನಿ. ಹೆಸರು ನೋಡಿ ಯಾರು ತೆಗೀತಾರೆ ಹೇಳು?”

ಸಾಸಿವೆ ಡಬ್ಬಿಯಲ್ಲಿ ದುಡ್ಡಿಡುತ್ತಿದ್ದ ಅಜ್ಜಿಯರ ಉಪಾಯವೇ ಇದು. ಮನೆಯವರಿಗೆ ಗೊತ್ತಾಗದಿರಬಹುದು, ಕಳ್ಳ ಮಾತ್ರ ಡಬ್ಬಿಗಳನ್ನೆಲ್ಲ ಕವುಚಿ ನೋಡುತ್ತಾನೆ. ಪಾಸ್‌ವರ್ಡ್ ಕದಿಯುವ ಕುತಂತ್ರಾಂಶಗಳಿಗೂ ಫೈಲಿನ ಹೆಸರು ಒಂದು ಲೆಕ್ಕವಲ್ಲ. ಬಚ್ಚಿಟ್ಟರೆ ಸಾಲದು, ಬೀಗ ಹಾಕಬೇಕು.

“ಬ್ರೌಸರೇ ನೆನಪಿಟ್ಟುಕೊಳ್ಳುತ್ತಲ್ಲ” ಅನ್ನುವವರಿದ್ದಾರೆ. ನೋಟ್‌ಪ್ಯಾಡಿಗಿಂತ ಅದು ವಾಸಿ, ಒಪ್ಪುತ್ತೇನೆ. ಆದರೆ ವಿಂಡೋಸ್‌ನಲ್ಲಿ ಕ್ರೋಮ್ ಉಳಿಸಿದ ಪಾಸ್‌ವರ್ಡ್ ನೋಡಲು ಸಾಮಾನ್ಯವಾಗಿ ಕಂಪ್ಯೂಟರಿಗೆ ಲಾಗಿನ್ ಆಗುವ ಪಾಸ್‌ವರ್ಡೇ ಸಾಕು. ಲ್ಯಾಪ್‌ಟಾಪ್ ರಿಪೇರಿಗೆ ಕೊಡುವಾಗ ಅದನ್ನು ನಾವೇ ಚೀಟಿಯಲ್ಲಿ ಬರೆದು ಮುಚ್ಚಳದ ಮೇಲೆ ಅಂಟಿಸಿ ಕೊಟ್ಟು ಬರುತ್ತೇವೆ!

ಹಾಗಾದರೆ ಬೇಕಾದ್ದು ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಪಾಸ್‌ವರ್ಡ್‌ಗಳನ್ನೆಲ್ಲ ಒಂದೇ ಕಡೆ ಬೀಗ ಹಾಕಿ ಇಡುವ, ಬೀರುವಿನಂಥ ತಂತ್ರಾಂಶ. ಮೇಷ್ಟ್ರಿಗೆ ನಾನು ಹಾಕಿಕೊಟ್ಟದ್ದು ಕೀಪಾಸ್‌ಎಕ್ಸ್‌ಸಿ. ದುಡ್ಡು ಕೊಡಬೇಕಿಲ್ಲ, ಅಕೌಂಟ್ ತೆರೆಯಬೇಕಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಗೂಗಲ್‌ನಲ್ಲಿ ಹುಡುಕಿ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ. ಕೀಪಾಸ್‌ಎಕ್ಸ್‌ಸಿ ಡಾಟ್ ಆರ್ಗ್ ಎಂದು ವಿಳಾಸವನ್ನೇ ಟೈಪ್ ಮಾಡಿ ಇಳಿಸಿಕೊಳ್ಳಿ.

ತೆರೆದ ಮೇಲೆ ಹೊಸ ಡೇಟಾಬೇಸ್ ಮಾಡಿ. ನಿಮ್ಮ ಗುಟ್ಟುಗಳೆಲ್ಲ ಒಂದೇ ಫೈಲಿನಲ್ಲಿ, ಗೂಢಲಿಪಿಯಲ್ಲಿ ಕೂರುತ್ತವೆ. ನಡುವೆ ಕೇಳುವ ತಾಂತ್ರಿಕ ಪ್ರಶ್ನೆಗಳಿಗೆ ಅದು ಸೂಚಿಸಿದ್ದನ್ನೇ ಒಪ್ಪಿ ಮುಂದೆ ಹೋಗಿ.

ತಲೆ ಕೆಡಿಸಿಕೊಳ್ಳಬೇಕಾದದ್ದು ಈ ಬೀರುವಿನ ಬೀಗದಕೈ ಬಗ್ಗೆ, ಅಂದರೆ ಮುಖ್ಯ ಪಾಸ್‌ವರ್ಡ್ ಬಗ್ಗೆ. ಚಾಮುಂಡಿ ಹೆಸರಿಗೆ 123 ಸೇರಿಸಿದ್ದು, ಕೆಎ 09 ಎಂದೋ, ಮಂಡ್ಯದವರಾದರೆ ಕೆಎ 11 ಎಂದೋ ಶುರುವಾಗುವ ಗಾಡಿ ನಂಬರು, ಮೊಮ್ಮಗಳ ಹುಟ್ಟುಹಬ್ಬ ಯಾವುದೂ ಬೇಡ. ಮನುಷ್ಯ ಆರಿಸಿದ್ದನ್ನು ಮನುಷ್ಯ ಊಹಿಸಬಲ್ಲ, ಹಾಗಾಗಿ ಆಯ್ಕೆಯನ್ನು ಅದೃಷ್ಟಕ್ಕೆ ಬಿಡಿ. ಪಾಸ್‌ವರ್ಡ್ ಖಾನೆಯ ಪಕ್ಕದಲ್ಲಿ ದಾಳದ ಗುರುತಿದೆ. ಅದನ್ನು ಒತ್ತಿ ಪಾಸ್‌ಫ್ರೇಸ್ (ಹಲವು ಪದಗಳನ್ನು ಸೇರಿಸಿದ ಪಾಸ್‌ವರ್ಡ್) ಆರಿಸಿದರೆ 7776 ಇಂಗ್ಲಿಷ್ ಪದಗಳ ಪಟ್ಟಿಯಿಂದ ಯಾವ್ಯಾವುದೋ ಪದಗಳನ್ನು ಎತ್ತಿ ಕೊಡುತ್ತದೆ. ದಾಳವನ್ನು 5 ಸಲ ಉರುಳಿಸಿದರೆ ಬರಬಹುದಾದ ಜೋಡಣೆಗಳೂ ಅಷ್ಟೇ, 7776. ಇಂಥ 6 ಪದ ಸಾಲಾಗಿ ಇಟ್ಟರೆ ಸಾಧ್ಯತೆಗಳು 2ರ ಮುಂದೆ 23 ಸೊನ್ನೆ ದಾಟುತ್ತವೆ. ಜೊತೆಗೆ ಆರ್ಗಾನ್2 ಎಂಬ ಲೆಕ್ಕಾಚಾರ ಪ್ರತಿ ಊಹೆಯನ್ನೂ ಬೇಕೆಂದೇ ನಿಧಾನ ಮಾಡುತ್ತದೆ.

“ದಾಳ ಯಾಕೆ, ಚೌಕಾಬಾರದ ಕವಡೆ ಆಗಲ್ವಾ?” ಎಂದರು ಮೇಷ್ಟ್ರು. ಆಗುವುದಿಲ್ಲ. ಕವಡೆ ಎರಡೂ ಕಡೆಗೆ ಸಮನಾಗಿ ಬೀಳುತ್ತದೆಂದೇ ಇಟ್ಟುಕೊಂಡರೂ, ನಾಲ್ಕರಲ್ಲಿ ಎರಡು ಅಂಗಾತ ಬೀಳುವ ಸಂಭವ 16ಕ್ಕೆ 6, ನಾಲ್ಕೂ ಅಂಗಾತ ಬೀಳುವ ಸಂಭವ 16ಕ್ಕೆ 1. ಆಟದ ಮಜಾ ಇರುವುದೇ ಆ ಅಸಮದಲ್ಲಿ. ಪಾಸ್‌ವರ್ಡಿಗೆ ಎಲ್ಲವೂ ಸಮನಾಗಿ ಬೀಳಬೇಕು.

ಆರು ಪದಗಳಿಂದ ಒಂದು ಹುಚ್ಚು ಕತೆ ಕಟ್ಟಿಕೊಂಡರೆ ನಾಲ್ಕು ದಿನದಲ್ಲಿ ಬಾಯಿಪಾಠವಾಗುತ್ತದೆ. ಒಂದು ಹಾಳೆಯಲ್ಲಿ ಬರೆದೂ ಇಡಿ. ಕಂಪ್ಯೂಟರಿನ ಹತ್ತಿರ ಅಲ್ಲ, ಬೀರುವಿನಲ್ಲಿ, ವಿಮೆ ಪತ್ರಗಳ ಜೊತೆ. ಇದನ್ನು ಮರೆತರೆ ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿ ಬಿಡಿಸಿಕೊಳ್ಳುವ ದಾರಿ ಇಲ್ಲ.

ಈಗ ಹಳೆಯದನ್ನು ಸಾಗಿಸಿ. ನೋಟ್‌ಪ್ಯಾಡಿನಿಂದ ಒಂದೊಂದಾಗಿ ನಮೂದಿಸಿದ ಮೇಲೆ ಫೈಲ್ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಅಷ್ಟಾದರೂ ಡಿಸ್ಕಿನ ಯಾವುದೋ ಮೂಲೆಯಲ್ಲಿ, ಹಳೇ ಬ್ಯಾಕಪ್ಪಿನಲ್ಲಿ ಅದರ ಪಳೆಯುಳಿಕೆ ಇರಬಹುದು. ಅದಕ್ಕೇ ಬ್ಯಾಂಕು, ಇಮೇಲ್‌ಗಳ ಪಾಸ್‌ವರ್ಡನ್ನು ಹೊಸದಾಗಿಯೇ ಬದಲಿಸಿ. ಇಮೇಲ್ ಮೊದಲು; ಉಳಿದವನ್ನು ‘ಮರೆತೆ’ ಎಂದು ಬದಲಿಸಲು ಬರುವ ಕೊಂಡಿಗಳು ಅಲ್ಲಿಗೇ ಬರುತ್ತವೆ. ಯುಪಿಐ ಪಿನ್, ಎಟಿಎಂ ಪಿನ್ ಈ ಫೈಲಿಗೂ ಬೇಡ, ತಲೆಯಲ್ಲೇ ಇರಲಿ.

ಬಳಸುವುದು ಸುಲಭ. ಕಾಪಿ ಮಾಡಿದ ಪಾಸ್‌ವರ್ಡನ್ನು ಕೀಪಾಸ್‌ಎಕ್ಸ್‌ಸಿ ಕೆಲವೇ ಸೆಕೆಂಡಿನಲ್ಲಿ ಕ್ಲಿಪ್‌ಬೋರ್ಡಿನಿಂದ ಒರೆಸಿಹಾಕುತ್ತದೆ. ಬ್ರೌಸರಿಗೆ ಸೇರಿಸುವ ಅದರ ಪುಟ್ಟ ತಂತ್ರಾಂಶ, ಅಂದರೆ ಎಕ್ಸ್‌ಟೆನ್ಶನ್, ಹಾಕಿಕೊಂಡರೆ ಇನ್ನೊಂದು ಲಾಭ: ಬ್ಯಾಂಕಿನ ನಕಲಿ ಜಾಲತಾಣಕ್ಕೆ ನಾವು ಮೋಸ ಹೋದರೂ ವಿಳಾಸ ಹೊಂದದ ಕಾರಣ ಅದು ಪಾಸ್‌ವರ್ಡ್ ತುಂಬುವುದಿಲ್ಲ. ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ‘ಎಲ್’ ಒತ್ತಿ ಪರದೆ ಲಾಕ್ ಮಾಡಿ. ಕಂಪ್ಯೂಟರಿಗೇ ಕುತಂತ್ರಾಂಶ ಹೊಕ್ಕಿದ್ದರೆ ಯಾವ ಬೀರುವೂ ಪೂರ್ತಿ ಕಾಯದು, ವಿಂಡೋಸ್ ಅಪ್‌ಡೇಟ್ ಮುಂದೂಡಬೇಡಿ.

ಇನ್ನು ಬ್ಯಾಕಪ್. ಫೈಲಿನ ಪ್ರತಿ ಎರಡು ಪೆನ್‌ಡ್ರೈವಿನಲ್ಲಿರಲಿ, ಒಂದು ಮನೆಯಲ್ಲಿ, ಇನ್ನೊಂದು ಮಗಳ ಮನೆಯಲ್ಲಿ. ತೆರೆದುಕೊಳ್ಳುತ್ತದೋ ಇಲ್ಲವೋ ಎಂದು ಆಗಾಗ ನೋಡಬೇಕು. ಆಯುಧಪೂಜೆಗೆ ಹೇಗೂ ಕಂಪ್ಯೂಟರಿಗೆ ಕುಂಕುಮ ಹಚ್ಚುತ್ತೇವಲ್ಲ, ಆ ದಿನವಾದರೂ ನೋಡಿ.

ಮೇಷ್ಟ್ರು ಹಾಳೆಯನ್ನು ಮಡಚಿ ಬೀರುವಿನಲ್ಲಿಟ್ಟು, ಒಳಗಿದ್ದ ಅಮ್ಮಾವ್ರನ್ನು ಕರೆದು ತೋರಿಸಿದರು. “ನಾನಿಲ್ದೇ ಹೋದ್ರೆ ಪೆನ್ಷನ್ ಕಾಗದ ಎಲ್ಲಾ ಇದ್ರಿಂದಾನೇ ತೆಗೀಬೇಕು.” ಅವರು ಹಾಳೆ ಬಿಡಿಸಿ ಆರು ಪದ ಓದಿ, “ಏನ್ರೀ ಇದು, ಒಂದಕ್ಕೊಂದು ಸಂಬಂಧಾನೇ ಇಲ್ಲ!” ಎಂದರು.